ಕುದುರೆಮುಖದ ಗೇಟಿನ ಬಳಿ ಕಟ್ಟಿದ ಶಾಮಿಯಾನ

ಶಾಮಿಯಾನದ ಬಟ್ಟೆಗೆ ಅದರದೇ ಒಂದು ವಾಸನೆ ಇದೆ. ಮಳೆಯಲ್ಲಿ ನೆನೆದು, ಅರ್ಧ ಒಣಗಿ, ಆತುರದಲ್ಲಿ ಮಡಿಸಿಟ್ಟ ಬಟ್ಟೆಯ ಮುಗ್ಗಲು ವಾಸನೆ. ಎಷ್ಟೋ ಮದುವೆಗಳ ಸಾರಿನ ಒಗ್ಗರಣೆ, ಊದುಬತ್ತಿ, ಬಾಡಿದ ಸೇವಂತಿಗೆ ಎಲ್ಲವೂ ಅದರೊಳಗೆ ಸೇರಿಕೊಂಡಿರುತ್ತವೆ. ಹೋದ ವಾರ ಅರಸೀಕೆರೆಯಲ್ಲಿ ಪುಟ್ಟಸ್ವಾಮಿಯ ಟೆಂಟ್ ಹೌಸಿನ ಗೋಡೌನಿಗೆ ಕಾಲಿಟ್ಟ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಗೆಳೆಯ ಸಿದ್ದರಾಜು ಹಳೇಬೀಡಿನಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ, ಅದರ ಸಮಾರಂಭಕ್ಕೆ ಶಾಮಿಯಾನ ಗೊತ್ತುಮಾಡುವ ಕೆಲಸ ನನಗೆ ಬಿದ್ದಿತ್ತು. ಮೂಲೆಯಲ್ಲಿ ಹಳೆಯ ಮೈಕ್‌ಸೆಟ್ಟಿನ ತಗಡಿನ ಹಾರನ್ನು, ಅಂಚು ಜಜ್ಜಿಹೋಗಿ, ಬೋರಲಾಗಿ ಬಿದ್ದಿತ್ತು.

"ಇದನ್ನ ಇನ್ನೂ ಇಟ್ಕಂಡಿದೀಯೇನ್ಲಾ?" ಅಂದೆ.

ಪುಟ್ಟಸ್ವಾಮಿ ಕನ್ನಡಕದ ಮೇಲಿಂದ ನೋಡಿದ. "ಗುಜರಿಗೆ ಹಾಕಕ್ಕೆ ಮನಸ್ಸು ಬರಾಕಿಲ್ಲ ಕಣ್ಲಾ ರಂಗ. ನಿನ್ ಮಾನ ಕಳೆದಿದ್ದೂ ಇದೇಯ, ಉಳಿಸಿದ್ದೂ ಇದೇಯ."

ಅವನು ಹೇಳಿದ್ದು ಸುಳ್ಳಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷದ ಪಿತೃಪಕ್ಷದಲ್ಲಿ ನಾವು ಮೂವರು ಮಟಡೋರ್ ವ್ಯಾನಿನಲ್ಲಿ ಬೆಟ್ಟ ಸುತ್ತಲು ಹೋಗಿದ್ದೆವು. ನಾನು ಆಗ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಸಿದ್ದರಾಜು ಹಳೇಬೀಡಿನಲ್ಲಿ ಹೈಸ್ಕೂಲು ಮೇಷ್ಟ್ರು. ಪುಟ್ಟಸ್ವಾಮಿಗೆ ಆಗಲೂ ಈಗಲೂ ಟೆಂಟ್ ಹೌಸೇ ಗತಿ. ಮೂವರೂ ಅರಸೀಕೆರೆಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ಒಂದೇ ವರ್ಷ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದವರು.

ಪ್ರವಾಸದ ಹುಚ್ಚು ಹತ್ತಿಸಿದವರು ಹಳೇಬೀಡಿಗೆ ಬಂದಿದ್ದ ಗಂಡಹೆಂಡಿರಿಬ್ಬರು, ಯಾವುದೋ ದೂರದೇಶದವರು. ಅವರು ಕೆರೆಯ ಪಕ್ಕದಲ್ಲಿ ಒಂದು ವ್ಯಾನು ನಿಲ್ಲಿಸಿಕೊಂಡು ನಾಲ್ಕು ದಿನ ಅದರಲ್ಲೇ ಇದ್ದರಂತೆ. ಸಿದ್ದರಾಜು ಅವರ ಜೊತೆ ಮಾತಾಡಿ, ಒಳಗೆಲ್ಲ ಇಣುಕಿ ನೋಡಿ ಬಂದು ಪುಟ್ಟಸ್ವಾಮಿಗೆ ವರ್ಣಿಸಿದ್ದ. ಒಳಗೇ ಮಂಚವಂತೆ, ಸ್ಟೌವಂತೆ, ಕೈತೊಳೆಯಲು ನಲ್ಲಿಯಂತೆ, ಬೆಟ್ಟ ಕಾಡು ಎಲ್ಲಿ ಬೇಕೆಂದರೆ ಅಲ್ಲಿ ನಿಲ್ಲಿಸಿ ಸಂಸಾರ ಮಾಡಬಹುದಂತೆ. ಪುಟ್ಟಸ್ವಾಮಿ ಎಲ್ಲ ಕೇಳಿ, "ಇಷ್ಟೇಯಾ? ನಮ್ ಮಟಡೋರ್‌ನಾಗೆ ಇಡೀ ಮದುವೆ ಮನೇನೇ ಹಿಡಿಸ್ತೈತೆ. ಪಿತೃಪಕ್ಷದಾಗೆ ಮದುವೆ ಇಲ್ಲ, ಮುಂಜಿ ಇಲ್ಲ, ವ್ಯಾನು ಸುಮ್ನೆ ನಿಂತಿರ್ತದೆ. ನಡೀರಿ ಹೋಗಣ," ಅಂದ. ಪಿತೃಪಕ್ಷದಲ್ಲಿ ಯಾರಾದರೂ ಪ್ರಯಾಣ ಹೊರಡುತ್ತಾರೆಯೇ ಎಂದು ಮನೆಯಲ್ಲಿ ಗೊಣಗಿದರು. ಟೆಂಟ್ ಹೌಸಿನವನಿಗೆ ವರ್ಷದಲ್ಲಿ ಸಿಗುವ ರಜ ಅದೊಂದೇ ಎಂದು ಅವನು ಅವರ ಬಾಯಿ ಮುಚ್ಚಿಸಿದ.

ಅವನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕಾಚಾರವಿತ್ತು. ನಾನೂ ಸಿದ್ದರಾಜುವೂ ಆರು ತಿಂಗಳಿಂದ ಸರಿಯಾಗಿ ಮಾತಾಡಿರಲಿಲ್ಲ. ಆ ಬೇಸಿಗೆಯಲ್ಲಿ ಅರಸೀಕೆರೆಯಲ್ಲಿ ನಾನು ಕಟ್ಟಿಸಿದ ಮನೆಯ ಗೃಹಪ್ರವೇಶ ಆಗಿತ್ತು, ಅವನು ಬಂದಿರಲಿಲ್ಲ. ನಮ್ಮ ಕಡೆ ಕರೆಯುವುದೆಂದರೆ ಮನೆಗೆ ಹೋಗಿ, ಹಿರಿಯರ ಮುಂದೆ ಎಲೆ ಅಡಿಕೆ ಇಟ್ಟು, "ಎಲ್ಲರೂ ಬರಬೇಕು" ಎಂದು ಬಾಯಿಬಿಟ್ಟು ಹೇಳುವುದು. ಕಾರ್ಡು ಬರೀ ನೆಪ. ನಾನು ಮಾಡಿದ್ದೇನೆಂದರೆ, ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಸಿಕ್ಕಾಗ ಬ್ಯಾಗಿನಿಂದ ಒಂದು ಕಾರ್ಡು ತೆಗೆದು ಕೈಗೆ ತುರುಕಿ, "ಬಸ್ಸು ಹೊರಡ್ತಾ ಇದೆ ಕಣೋ, ಬಂದ್ಬಿಡು," ಎಂದು ಬಸ್ಸು ಹತ್ತಿದೆ. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ಅವನ ಮನೆ ಅಲ್ಲಿಂದ ಕೂಗಳತೆಯ ದೂರ.

ಹಾಗೇಕೆ ಮಾಡಿದೆ ಎಂಬುದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನಾವು ಹಾರನಹಳ್ಳಿಯ ತೆಂಗಿನ ತೋಟದವರು. ಸಿದ್ದರಾಜುವಿನ ಮನೆಯವರು ಅವನ ತಂದೆಯ ಕಾಲದಲ್ಲಿ ಬೌದ್ಧರಾದವರು. ಅದಕ್ಕೆ ಮೊದಲು ಊರು ಅವರನ್ನು ಯಾವ ಹೆಸರಿನಿಂದ ಕರೆಯುತ್ತಿತ್ತೋ ನಮ್ಮಪ್ಪನ ಬಾಯಲ್ಲಿ ಇನ್ನೂ ಅದೇ ಹೆಸರಿತ್ತು. "ಸ್ಕೂಲ್ ತಾವ್ಲೋ ಬಸ್‌ಸ್ಟ್ಯಾಂಡ್ ತಾವ್ಲೋ ಕೊಟ್ಬುಡು. ಅವರ ಮನೆಗೆಲ್ಲ ಯಾಕೆ ಹೋಗಿ ಕರೀತೀಯ," ಅಂದರು. ನಾನು ಹೂಂ ಅಂದೆ. ಕಾಲೇಜಿನ ಮೂರು ವರ್ಷದಲ್ಲಿ ಸಿದ್ದರಾಜುವಿನ ಅವ್ವನ ಕೈಯ ಮುದ್ದೆ ಬಸ್ಸಾರನ್ನು ಎಷ್ಟು ಸಲ ಉಂಡಿದ್ದೆನೋ ಲೆಕ್ಕವಿಲ್ಲ. ಅವನು ನಮ್ಮ ಹಾರನಹಳ್ಳಿಯ ಮನೆಗೆ ಬಂದಾಗ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ಹೋಗುತ್ತಿದ್ದ. ಅದು ನನಗೆ ಅಂದು ವಿಚಿತ್ರ ಅನ್ನಿಸಿರಲಿಲ್ಲ. ಅವನು ಗೃಹಪ್ರವೇಶಕ್ಕೆ ಬಾರದಿದ್ದಾಗ ಕೋಪ ಬಂದದ್ದೂ ನನಗೇ! ತಪ್ಪು ಮಾಡಿದವನಿಗೆ ಮೊದಲು ಸಿಟ್ಟು ಬರುತ್ತದಲ್ಲ, ಆ ಜಾತಿಯ ಕೋಪ.

ಹೊರಡುವ ದಿನ ಬೆಳಿಗ್ಗೆ ಆರಕ್ಕೆ ವ್ಯಾನು ನಮ್ಮ ಮನೆಯ ಮುಂದೆ ಬಂತು. ಒಳಗೆ ನೋಡಿ ನಗು ತಡೆಯಲಾಗಲಿಲ್ಲ. ಕೂರಲು ಮದುವೆಯ ಹೆಣ್ಣುಗಂಡಿನ ಕೆಂಪು ಮಖಮಲ್ಲಿನ ಎರಡು ಕುರ್ಚಿ. ಮಲಗಲು ಜಮಖಾನ. ಶಾಮಿಯಾನದ ಬಿದಿರು ಗಳು, ಹಗ್ಗ, ಬಟ್ಟೆ. ಅಡುಗೆಗೆ ಒಂದು ತಪ್ಪಲೆ. "ಇದ್ಯಾಕೋ ಇಷ್ಟು ದೊಡ್ಡದು?" ಅಂದರೆ, "ನಮ್ತಾವ ಇರದ್ರಾಗೆ ಇದೇ ಚಿಕ್ಕದು. ಐವತ್ತು ಜನದ್ದು," ಅಂದ. ಮೈಕ್‌ಸೆಟ್ಟು, ಹಾರನ್ನು ಕೂಡ ಇದ್ದವು. ಅವನ್ನು ಇಳಿಸಿ ಬಾ ಎಂದರೆ, "ಅವ್ನ ಯಾವತ್ತೂ ಇಳಿಸೇ ಇಲ್ಲ ಕಣ್ಲಾ," ಎಂದು ಗಾಡಿ ಎತ್ತಿದ.

ಹಳೇಬೀಡಿನ ಕೆರೆ ಏರಿಯ ಹತ್ತಿರ ಸಿದ್ದರಾಜು ನಿಂತಿದ್ದ. ಕತ್ತಿನಲ್ಲಿ ಮಫ್ಲರು, ಪ್ಯಾಂಟಿನ ಜೇಬಿನಿಂದ ಸ್ಕೂಲಿನ ಪೀಪಿಯ ದಾರ ಜೋತಾಡುತ್ತಿತ್ತು. ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುವುದು ಅವನ ಪಾಲಿನ ಕೆಲಸ, ರಜದಲ್ಲೂ ಪೀಪಿ ಜೇಬಿನಲ್ಲೇ ಇರುತ್ತಿತ್ತು. ನನ್ನನ್ನು ನೋಡಿ, "ಚೆನ್ನಾಗಿದೀಯಾ?" ಅಂದ. "ಚೆನ್ನಾಗಿದೀನಿ," ಅಂದೆ. ಬೇಲೂರಿನಲ್ಲಿ ಕಾಫಿ ಕುಡಿಯುವವರೆಗೂ ನಮ್ಮಿಬ್ಬರ ನಡುವೆ ಆಡಿದ ಮಾತು ಅಷ್ಟೇ. ನಡುವೆ ಪುಟ್ಟಸ್ವಾಮಿಯೊಬ್ಬನೇ ರೇಡಿಯೋ ಥರ ಒದರುತ್ತಿದ್ದ.

ಆದರೂ ಬೆಟ್ಟ ಏರುತ್ತಾ ಹೋದಂತೆ ಮನಸ್ಸು ಸ್ವಲ್ಪ ಸಡಿಲವಾಯಿತು. ಮೊದಲ ದಿನ ಮುಳ್ಳಯ್ಯನಗಿರಿಯ ಬುಡದಲ್ಲಿ ಶಾಮಿಯಾನ ಕಟ್ಟಿದೆವು. ಹದಿನೆಂಟು ಅಡಿ ಅಗಲದ ಬಟ್ಟೆಯನ್ನು ಗಾಳಿಗೆ ಎದುರಾಗಿ ಮೂವರು ಕಟ್ಟುವುದೆಂದರೆ ಆಟವೇ? ಗಾಳಿ ಒಂದು ಮೂಲೆ ಎತ್ತಿದರೆ ಸಿದ್ದರಾಜು ಅತ್ತ ಓಡುತ್ತಿದ್ದ, ಇನ್ನೊಂದು ಎತ್ತಿದರೆ ನಾನು ಇತ್ತ. ಐವತ್ತು ಜನದ ತಪ್ಪಲೆಯಲ್ಲಿ ಮೂರು ಜನದ ಉಪ್ಪಿಟ್ಟು ತಳಕ್ಕೆ ಬಳಿದು ಹಾಗೇ ಸೀದುಹೋಯಿತು. ಕೆರೆದು ತಿಂದೆವು. ಎರಡನೆಯ ದಿನ ಭದ್ರಾ ಕಾಡಿನ ಅಂಚಿನಲ್ಲಿ, ಮೂರನೆಯ ದಿನ ಕಳಸ ದಾಟಿ ಕುದುರೆಮುಖದ ಕಾಡಿನ ಗೇಟಿಗೆ ಬಂದೆವು. ಹುಲ್ಲು ತುಂಬಿದ ಹಸಿರು ಬೆಟ್ಟಗಳು, ಮಡಿಕೆಗಳಲ್ಲಿ ಕಪ್ಪಗೆ ಕಾಡು. ಹಾಗೆ ನೋಡನೋಡುತ್ತಲೇ ಮಂಜು ಬಂದು ಎಲ್ಲವನ್ನೂ ಒರೆಸಿಬಿಡುತ್ತಿತ್ತು.

ಗೇಟಿನ ಗಾರ್ಡು ರಾಮಣ್ಣ ವ್ಯಾನಿನೊಳಕ್ಕೆ ಇಣುಕಿ ಹಾರನ್ನು ಕಂಡವನೇ ಕೆಂಡವಾದ. "ಎಂಥದು ಮಾರಾಯ್ರೆ ಇದು? ನ್ಯಾಷನಲ್ ಪಾರ್ಕಿಗೆ ಮೈಕ್ ತಕೊಂಡು ಬರೂದಾ?" ಹಾರನ್ನು, ಆಂಪ್ಲಿಫೈಯರ್ ಎರಡನ್ನೂ ಕಿತ್ತುಕೊಂಡು ಚೌಕಿಯಲ್ಲಿಟ್ಟ. ವಾಪಸು ಹೋಗುವಾಗ ಕೊಡುತ್ತೇನೆಂದ. ಆದರೆ ಮನುಷ್ಯ ಒಳ್ಳೆಯವನು. ಕಾಡಿನೊಳಗೆ ಹೋಗಬೇಡಿ, ಚೌಕಿಯ ಪಕ್ಕದ ಬಯಲಿನಲ್ಲಿ ಒಂದು ದಿನ ಇರಿ ಎಂದು ಜಾಗ ತೋರಿಸಿದ. ಪುಟ್ಟಸ್ವಾಮಿ ಶಾಮಿಯಾನ ಕಟ್ಟಿ, ಅಭ್ಯಾಸಬಲದಿಂದ ಮುಂದುಗಡೆಗೆ ಜರಿ ಅಂಚಿನ 'ಸುಸ್ವಾಗತ' ಪಟ್ಟಿಯನ್ನೂ ಬಿಗಿದ. ರಾಮಣ್ಣ ಅದನ್ನು ಓದಿ, "ಯಾರ ಮದುವೆ?" ಅಂದ. ಅಷ್ಟರವರೆಗೆ ಎಲ್ಲ ಚೆನ್ನಾಗಿತ್ತು.

ಮಧ್ಯಾಹ್ನ ಅನ್ನಕ್ಕೆ ಇಡುತ್ತಾ ಪುಟ್ಟಸ್ವಾಮಿ ತಮಾಷೆಗೆ, "ರಂಗನ ಗೃಹಪ್ರವೇಶಕ್ಕೂ ಇದೇ ಸುಸ್ವಾಗತ ಕಟ್ಟಿದ್ದೆ ಕಣೋ ಮೇಷ್ಟ್ರೇ," ಅಂದ.

ಸಿದ್ದರಾಜು ಮಫ್ಲರು ಬಿಗಿದುಕೊಂಡ. ನಾನಾದರೂ ಸುಮ್ಮನಿರಬೇಕಿತ್ತು. "ಕಟ್ಟಿ ಏನ್ ಬಂತು? ಬರ್ಬೇಕಾದೋರು ಬರ್ಲಿಲ್ವಲ್ಲ," ಅಂದೆ.

"ಕರೆದಿದ್ರೆ ಬರ್ತಿದ್ದೆ," ಅಂದ.

"ಕಾರ್ಡ್ ಕೊಟ್ಟಿರ್ಲಿಲ್ವೇನೋ?"

"ಬಸ್‌ಸ್ಟ್ಯಾಂಡಲ್ಲಿ ಹಂಚೋದಕ್ಕೆ ಪಾಂಪ್ಲೆಟ್ಟು ಅಂತಾರೆ. ಕರೆಯೋದು ಅನ್ನಲ್ಲ."

"ಓಹೋ, ಮನೆ ಬಾಗಿಲಿಗೇ ಬಂದು ಕರೀಬೇಕಾದಷ್ಟು ದೊಡ್ಡ ಮನುಷ್ಯ ಆಗ್ಬಿಟ್ಟಿದೀಯಾ?"

ಬಾಯಿಂದ ಬಿದ್ದ ಮೇಲೆ ಆ ಮಾತು ನನ್ನದಲ್ಲ, ನಮ್ಮಪ್ಪನದು ಎಂದು ನನಗೇ ಕೇಳಿಸಿತು. ಸಿದ್ದರಾಜು ನನ್ನನ್ನೊಮ್ಮೆ ನೋಡಿದ. ಸಿಟ್ಟಿರಲಿಲ್ಲ, ಇದು ಇಷ್ಟೇ ಎಂದು ಗೊತ್ತಾದ ಹಾಗೆ ನೋಡಿದ. ಕೊಡ ಎತ್ತಿಕೊಂಡು, "ನೀರು ತರ್ತೀನಿ," ಎಂದು ಕೆಳಗಿನ ಹಳ್ಳದ ಕಡೆ ಇಳಿದ. ಅವನು ಇಳಿದ ಐದು ನಿಮಿಷಕ್ಕೆ ಮಂಜು ಬಂತು.

ಅನ್ನ ಬೆಂದು ಆರಿತು. ಒಂದು ಗಂಟೆಯಾಯಿತು. ಹಳ್ಳಕ್ಕೆ ಹೋಗಿ ಬರಲು ಹತ್ತು ನಿಮಿಷ ಸಾಕು. ಸಿಟ್ಟು ಇಳಿದ ಮೇಲೆ ಬರುತ್ತಾನೆ ಎಂದು ಮೊದಲು ನಾನೇ ಹೇಳಿದೆ. ಆಮೇಲೆ ಪುಟ್ಟಸ್ವಾಮಿಯೂ ನಾನೂ ಕೂಗುತ್ತಾ ಇಳಿದೆವು. ನಾಲ್ಕು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಹಳ್ಳದ ಪಕ್ಕದ ಬಂಡೆಯ ಮೇಲೆ ನಮ್ಮ ಕೊಡ ಸಿಕ್ಕಿತು. ತುಂಬಿದ ಕೊಡ. ತುಂಬಿಸಿಟ್ಟ ಮನುಷ್ಯ ಇಲ್ಲ. ಆ ಕೊಡವನ್ನು ಎತ್ತಲೂ ಧೈರ್ಯ ಬಾರದೆ ಅಲ್ಲೇ ಬಿಟ್ಟು ಚೌಕಿಗೆ ಓಡಿದೆವು.

ರಾಮಣ್ಣ ಬೈಯಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು. "ಹಳ್ಳದ ಆಚೆ ಬದಿ ಇಳಿಜಾರು ಉಂಟು ಮಾರಾಯ್ರೆ, ಹುಲ್ಲಿನ ಅಡಿ ಕಾಣೂದಿಲ್ಲ. ಕಾಟಿಗಳೂ ಉಂಟು, ಕಾಡುಕೋಣ," ಎಂದು ಕತ್ತಿ ತೆಗೆದುಕೊಂಡ. ಮೂವರೂ ಸೇರಿ ಇನ್ನೊಂದು ಗಂಟೆ ಹುಡುಕಿದೆವು. ಕೂಗಿದರೆ ಮಂಜು ನಮ್ಮ ಕೂಗನ್ನು ನಾಲ್ಕು ಹೆಜ್ಜೆಗೇ ನುಂಗುತ್ತಿತ್ತು. ಗಂಟೆ ನಾಲ್ಕಾಯಿತು. ಬೆಳಕಿರುವುದು ಇನ್ನು ಎರಡು ತಾಸು. ಅವನ ಅವ್ವನ ಮುಂದೆ ಹೋಗಿ ನಿಂತು ಏನೆಂದು ಹೇಳಲಿ? ಕರೆಯಲು ಹೋಗದ ಮನೆಗೆ ಇದನ್ನು ಹೇಳಲು ಹೋಗಬೇಕೇ? ಮೂವರೂ ಬರಿಗೈಯಲ್ಲಿ ಚೌಕಿಗೆ ಹತ್ತಿ ಬಂದೆವು.

ಆಗ ರಾಮಣ್ಣ ತಾನಾಗಿ ಚೌಕಿಯೊಳಗೆ ಹೋಗಿ ಹಾರನ್ನು, ಆಂಪ್ಲಿಫೈಯರ್ ಎರಡನ್ನೂ ಹೊತ್ತು ತಂದ. "ಇಪ್ಪತ್ತು ವರ್ಷದ ಸರ್ವಿಸಲ್ಲಿ ಇಲ್ಲಿ ಮೈಕ್ ಹಾಕಿಸಿದ್ದಿಲ್ಲ. ಹಾಕಿ," ಅಂದ.

ಪುಟ್ಟಸ್ವಾಮಿ ಹಾರನ್ನನ್ನು ವ್ಯಾನಿನ ತಲೆಗೆ ಕಟ್ಟಿ ಬ್ಯಾಟರಿಗೆ ತಂತಿ ಸಿಕ್ಕಿಸಿದ. ಮೈಕು ಹಿಡಿದವನು ಗಾಬರಿಯಲ್ಲೂ, "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್ ಟು ತ್ರೀ," ಎಂದೇ ಶುರುಮಾಡಿದ. "ಹಳೇಬೀಡಿನ ಸಿದ್ದರಾಜು ಮೇಷ್ಟ್ರು ಎಲ್ಲಿದ್ದರೂ ಕೂಡಲೇ ಶಾಮಿಯಾನದ ಬಳಿ ಬರಬೇಕಾಗಿ ವಿನಂತಿ." ಮದುವೆಮನೆಗಳಲ್ಲಿ ಕಳೆದುಹೋದ ಮಕ್ಕಳನ್ನೂ ಬೀಗರನ್ನೂ ಹದಿನೈದು ವರ್ಷದಿಂದ ಹಾಗೇ ಕರೆದು ಅವನ ನಾಲಿಗೆಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಇಡೀ ಕಣಿವೆ ಗುಂಯ್‌ಗುಟ್ಟಿತು. ಕರೆದೂ ಕರೆದೂ ಅವನ ಗಂಟಲು ಕಟ್ಟಿತು. ಮೈಕನ್ನು ನನ್ನ ಕೈಗಿಟ್ಟು, "ನೀನ್ ಕರಿಯಲಾ. ಕರೀಬೇಕಾದೋನು ನೀನು," ಅಂದ.

"ಸಿದ್ದ, ನಾನು ರಂಗ," ಅಂದೆ. ನನ್ನ ದನಿ ಎದುರಿನ ಬೆಟ್ಟಕ್ಕೆ ಬಡಿದು ನನಗೇ ವಾಪಸು ಬಂತು. ಮುಂದಿನದು ತಾನಾಗಿ ಬಂತು. "ಎಲ್ಲಿದ್ದೀಯೋ ಅಲ್ಲೇ ಇರು ಕಣೋ, ನಾವು ಬರ್ತೀವಿ. ನಾನು ಆಡಿದ್ದು ತಪ್ಪಾಯ್ತು. ಅವತ್ತು ಬಸ್ಸಿಗೆ ಟೈಮಿತ್ತು. ನಿಮ್ಮನೆಗೆ ಬರ್ಬಾರ್ದು ಅಂತಾನೇ ಬರ್ಲಿಲ್ಲ. ನಮ್ಮಪ್ಪ ಬೇಡ ಅಂದ್ರು, ನಾನು ಹೂಂ ಅಂದೆ. ತಪ್ಪು ನಮ್ಮಪ್ಪಂದು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ನಂದು ಕಣೋ. ನಿಮ್ಮವ್ವ ನನಗೆ ಮೂರು ವರ್ಷ ಅನ್ನ ಹಾಕಿದಾರೆ. ನಾನು ಬಂದು ಕರೀತೀನಿ. ನೀನು ಬಾ ಸಾಕು. ಬಾರೋ..."

ಅಳುತ್ತಿದ್ದೆ. ಅಳುವೂ ಹಾರನ್ನಿನಲ್ಲಿ ಹೋಗುತ್ತಿತ್ತು. ನಾನು ನಿಲ್ಲಿಸುವ ಹಾಗೆ ಕಾಣದಿದ್ದಾಗ ರಾಮಣ್ಣ ಬಂದು ಮೈಕನ್ನು ಕಿತ್ತುಕೊಂಡು ಸ್ವಿಚ್ಚು ಆರಿಸಿದ. "ನೀವು ಬಾಯಿ ಮುಚ್ಚದಿದ್ರೆ ಅವರು ಕೂಗಿದ್ದು ಕೇಳೂದು ಹೇಗೆ? ಸ್ವಲ್ಪ ಸುಮ್ಮನಿರಿ ಮಾರಾಯ್ರೆ!"

ಸುಮ್ಮನಾದೆವು. ಮಂಜಿನ ಹನಿ ಶಾಮಿಯಾನದಿಂದ ತೊಟ್ಟಿಕ್ಕುವುದು ಕೇಳಿಸಿತು. ಆಮೇಲೆ ಕೆಳಗೆ, ಎಡಗಡೆಯಿಂದ, ಸಣ್ಣಗೆ ಪೀಪಿ. ಎರಡು ಗಿಡ್ಡ, ಒಂದು ಉದ್ದ. ಮಕ್ಕಳನ್ನು ಸಾಲು ನಿಲ್ಲಿಸುವ ಪೀಪಿ.

ನನ್ನ ಜನ್ಮದಲ್ಲಿ ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ. ಎದೆಯ ಮೇಲೆ ಯಾರೋ ಇಟ್ಟಿದ್ದ ಚಪ್ಪಡಿ ಎತ್ತಿದ ಹಾಗಾಯಿತು. ಪುಟ್ಟಸ್ವಾಮಿ, "ಅವ್ನೇಯಾ! ಅವ್ನೇಯಾ!" ಎಂದು ನನ್ನ ಬೆನ್ನಿಗೆ ಗುದ್ದಿದ. ಶಾಮಿಯಾನದ ಹಿಂಬದಿಯ ಒಂದು ಹಗ್ಗ ಬಿಚ್ಚಿಕೊಂಡು ಪೀಪಿಯ ಜಾಡು ಹಿಡಿದು ಹೋದೆವು. ಹಳ್ಳದ ಆಚೆ, ಆಳೆತ್ತರದ ಗುಂಡಿಯಂಥ ಜಾಗದಲ್ಲಿ, ಮರದ ಬೇರನ್ನು ಹಿಡಿದುಕೊಂಡು ಸಿದ್ದರಾಜು ಕೂತಿದ್ದ. ಕಾಲಿನ ತುಂಬ ಕಚ್ಚಿಕೊಂಡ ಇಂಬಳದ ಜಿಗಣೆಗಳು, ಬಲಗಾಲಿನ ಹರಡು ಊದಿತ್ತು. ಕೊಡ ತುಂಬಿಸಿಟ್ಟು, ನನ್ನ ಮುಖ ನೋಡಲು ಇಷ್ಟವಿಲ್ಲದೆ ಸ್ವಲ್ಪ ದೂರ ಹೋಗಿ ಬರೋಣವೆಂದು ನಡೆದಿದ್ದನಂತೆ. ಮಂಜಿನಲ್ಲಿ ಕಾಲು ಜಾರಿತ್ತು.

"ಮೈಕ್ ಟೆಸ್ಟಿಂಗ್‌ನಿಂದ ಮತ್ತೆ ಪೀಪಿ ಊದ್ತಾ ಇದೀನಿ ಕಣ್ರೋ, ಮೊದಲು ಊದಿ ಊದಿ ಸಾಕಾಗಿ ಬಿಟ್ಟಿದ್ದೆ. ಒಂದು ನಿಮಿಷ ಬಾಯಿ ಮುಚ್ಚಿದ್ದೀರಾ?" ಎಂದು ರೇಗಿದ. ಆ ರೇಗಾಟ ಕೇಳಿ ನನಗೆ ನಗುವೂ ಅಳುವೂ ಒಟ್ಟಿಗೆ ಬಂತು.

"ಎಲ್ಲಾ ಕೇಳಿಸ್ತಾ?" ಅಂದೆ.

"ನನಗೂ ಕೇಳಿಸ್ತು, ಕಾಟಿಗಳಿಗೂ ಕೇಳಿಸ್ತು," ಅಂದ. ಕೈ ಚಾಚಿದ. ಎಳೆದುಕೊಂಡೆ.

ಅವನಿಗೆ ಹೆಜ್ಜೆ ಊರಲು ಆಗುತ್ತಿರಲಿಲ್ಲ. ಪುಟ್ಟಸ್ವಾಮಿ ಮೇಲೆ ಹೋಗಿ ಮದುವೆ ಗಂಡಿನ ಕುರ್ಚಿ ಹೊತ್ತು ತಂದ, ರಾಮಣ್ಣ ಶಾಮಿಯಾನದ ಹಿಂಬದಿಯ ಎರಡು ಗಳು ತಂದ. ಕುರ್ಚಿಯ ಎರಡೂ ಪಕ್ಕಕ್ಕೆ ಗಳು ಕಟ್ಟಿ, ಸಿದ್ದರಾಜುವನ್ನು ಮಖಮಲ್ಲಿನ ಮೇಲೆ ಕೂರಿಸಿ, ಮುಂದೆ ನಾನು, ಹಿಂದೆ ಪುಟ್ಟಸ್ವಾಮಿ ಹೆಗಲು ಕೊಟ್ಟೆವು. ಕತ್ತಿ ಹಿಡಿದು ದಾರಿ ಬಿಡಿಸುತ್ತಾ ರಾಮಣ್ಣ, "ಆಗಲೇ ಕೇಳಿದೆ ಯಾರ ಮದುವೆ ಅಂತ. ಈಗ ಗೊತ್ತಾಯ್ತು," ಅಂದ. ಕುರ್ಚಿ ಕೆಟ್ಟ ಭಾರವಿತ್ತು, ಗಳು ಹೆಗಲಿಗೆ ಕುಕ್ಕುತ್ತಿತ್ತು. ನಡುವೆ ರಾಮಣ್ಣ, ನಾನು ಹೊರುತ್ತೇನೆ ಬಿಡಿ ಅಂದ. ನಾನು ಬಿಡಲಿಲ್ಲ. ಮೇಲಿನಿಂದ ಸಿದ್ದರಾಜು, "ಸ್ವಲ್ಪ ಅಲ್ಲಾಡಿಸ್ದೆ ನಡಿಯೋ," ಎಂದು ದಬಾಯಿಸುತ್ತಿದ್ದ. ಸುಸ್ವಾಗತದ ಪಟ್ಟಿಯ ಕೆಳಗೆ ಹಾದು ಅವನನ್ನು ಇಳಿಸಿದಾಗ ಇನ್ನೂ ಬೆಳಕಿತ್ತು.

ರಾಮಣ್ಣ ಊದಿದ ಜಾಗಕ್ಕೆ ಅರಿಸಿನದ ಪಟ್ಟು ಹಾಕಿದ. ಐವತ್ತು ಜನದ ತಪ್ಪಲೆಯ ತಳದಲ್ಲಿದ್ದ ತಣ್ಣನೆ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ನಾಲ್ವರೂ ಉಂಡೆವು. ಮರುದಿನ ಹಿಂತಿರುಗುವಾಗ ಹಾರನ್ನು ವ್ಯಾನಿನ ಬಾಗಿಲಿಗೆ ಸಿಕ್ಕಿ ಅಂಚು ಜಜ್ಜಿತು. ಹಳೇಬೀಡಿನವರೆಗೂ ಸಿದ್ದರಾಜು ಗಂಡಿನ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತು, ನನ್ನ ಮೈಕ್ ಭಾಷಣವನ್ನು ನನ್ನದೇ ದನಿಯಲ್ಲಿ ಅಣಕಿಸುತ್ತಾ ಬಂದ. ಎಷ್ಟು ಅಣಕಿಸಿದರೂ ನನಗೆ ಸಾಕಾಗಲಿಲ್ಲ.

ದೀಪಾವಳಿ ಕಳೆದ ಮೇಲೆ, ಒಂದು ಭಾನುವಾರದ ಊಟಕ್ಕೆ ಕರೆಯಲು ಹೆಂಡತಿಯ ಜೊತೆ ಸಿದ್ದರಾಜುವಿನ ಮನೆಗೆ ಹೋದೆ. ಹೋಗುತ್ತೇನೆಂದು ನಮ್ಮಪ್ಪನಿಗೆ ಮೊದಲೇ ಹೇಳಿದೆ. ಅವರು ಗೋಡೆ ಕಡೆ ತಿರುಗಿಕೊಂಡರು. ಬೇಡ ಅನ್ನಲಿಲ್ಲ. ಸಿದ್ದರಾಜು ಬಂದ ಭಾನುವಾರ ಅವರು ಮೊದಲೇ ಉಂಡು ಹಾರನಹಳ್ಳಿಯ ತೋಟಕ್ಕೆ ಹೋಗಿದ್ದರು. ಆದರೆ ಸಂಜೆ ಅವನು ಹೊರಡುವ ಮುಂಚೆ ಬಂದು ನಡುಮನೆಯಲ್ಲಿ ಅವನ ಎದುರಿಗೆ ಕೂತು, ಹಳೇಬೀಡಿನ ಕಡೆ ರಾಗಿ ಹೇಗಿದೆ ಎಂದು ಕೇಳಿದರು. ಅವರ ಕೈಲಾದದ್ದು ಅಷ್ಟು.

ನಾನು ಕರೆಯಲು ಹೋದ ಆ ಬೆಳಿಗ್ಗೆ ಸಿದ್ದರಾಜುವಿನ ಅವ್ವ ಹೊಸಲಿನ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ನಮ್ಮ ತೋಟದ ತೆಂಗಿನಕಾಯಿ ಇಟ್ಟು, "ಅವ್ವಾ, ಎಲ್ಲರೂ ನಮ್ಮನೆಗೆ ಊಟಕ್ಕೆ ಬರ್ಬೇಕು," ಅಂದೆ. ಅವರು ಕೈ ಒರೆಸಿಕೊಂಡು ಎದ್ದು ಒಳಗೆ ಹೋದರು. ಗೋಡೆಗೂಡಿನಲ್ಲಿ ಬುದ್ಧನ ಪಟವಿತ್ತು. ಅದರ ಹಿಂದಿನಿಂದ ಒಂದು ಕಾಗದ ತೆಗೆದು ತಂದು ನನ್ನ ಕೈಗಿಟ್ಟರು. ಬೇಸಿಗೆಯಲ್ಲಿ ನಾನು ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟ ಕಾರ್ಡು. ಒಂದು ಮಡಿಕೆಯೂ ಬಿದ್ದಿರಲಿಲ್ಲ.

"ಕಾರ್ಡು ಆವತ್ತೇ ಬಂದಿತ್ತು ಕಣಪ್ಪ," ಅಂದರು. "ನೀನು ಇವತ್ತು ಬಂದೆ. ಕೂತ್ಕೋ, ಮುದ್ದೆ ತಿರುವ್ತೀನಿ."

ಅವತ್ತು ನಾನು ಎರಡು ಮುದ್ದೆ ಉಂಡೆ.